ಚೀಲದ ಜಾತಿ

ಸಂಡೂರು ಸೀಮೆಯ ಲಂಬಾಣಿ ತಾಂಡಾವೊಂದರಲ್ಲಿ ಹೊಲಿದ ಒಂದು ಚೀಲವನ್ನು ಎದುರಿಗೆ ಇಟ್ಟುಕೊಳ್ಳೋಣ. ಕೆಂಪು ಬಟ್ಟೆ, ಅಂಚಿಗೆ ಸಾಲು ಕವಡೆ. ನಡುವೆ ಪುಟ್ಟ ಪುಟ್ಟ ಕನ್ನಡಿ, ಅವುಗಳ ಸುತ್ತ ಹಳದಿ, ಹಸಿರು, ಬಿಳಿ ದಾರದ ಒತ್ತುಹೊಲಿಗೆ. ಇದನ್ನು ಫೋನಿನ ಮೂಲಕ ದೂರದೂರಿನ ಗಿರಾಕಿಗೆ ಮಾರಬೇಕಾಗಿದೆ. ಫೋಟೊ ತೆಗೆದಾಯಿತು, ಬೆಲೆ ಹಾಕಿದ್ದಾಯಿತು. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಇದರ ಕೆಟಗರಿ ಯಾವುದು? ಹೆಂಗಸರ ಹ್ಯಾಂಡ್‌ಬ್ಯಾಗೋ, ಪ್ರಯಾಣದ ಚೀಲವೋ, ಕರಕುಶಲ ವಸ್ತುವೋ, ಗೋಡೆಗೆ ತೂಗುಹಾಕುವ ಅಲಂಕಾರವೋ? ಒಂದನ್ನು ಒತ್ತುವವರೆಗೂ ಮುಂದಿನ ಪುಟ ತೆರೆಯುವುದಿಲ್ಲ.

ನೋಡುವುದಕ್ಕೆ ಇದು ಅರ್ಜಿ ತುಂಬುವ ಸಣ್ಣ ಕೆಲಸ. ಆದರೆ ಚೀಲ ಯಾರ ಕಣ್ಣಿಗೆ ಬೀಳುತ್ತದೆ, ಯಾರ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ಬಹುಮಟ್ಟಿಗೆ ಇಲ್ಲೇ ಇತ್ಯರ್ಥವಾಗುತ್ತದೆ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಸರಕೆಲ್ಲ ಒಂದು ಮರದ ಆಕಾರದಲ್ಲಿ ಜೋಡಣೆಯಾಗಿರುತ್ತದೆ. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ಕೊನೆಗೆ ಎಲೆ. ಮಾರುವವರು ತಮ್ಮ ಸರಕನ್ನು ಒಂದು ಎಲೆಗೆ ಕಟ್ಟಬೇಕು. ಕೊಳ್ಳುವವರು ಹುಡುಕುವ ಪದ ಒತ್ತಿದಾಗ ಸರ್ಚ್ ಯಂತ್ರ ಆ ಪದ ಸಾಮಾನ್ಯವಾಗಿ ಯಾವ ಕೊಂಬೆಯ ಕಡೆ ಕೈತೋರಿಸುತ್ತದೆ ಎಂದು ಅಂದಾಜು ಮಾಡುತ್ತದೆ. ಹಿಂದೆ ಇದೇ ಪದ ಒತ್ತಿದವರು ಯಾವುದನ್ನು ತೆರೆದು ನೋಡಿದರು, ಯಾವುದನ್ನು ಕೊಂಡರು ಎಂಬ ಲೆಕ್ಕವೂ ಆ ಅಂದಾಜಿನೊಳಗೆ ಬರುತ್ತದೆ. ಆ ಕೊಂಬೆಯ ಸರಕು ಮೇಲೇರುತ್ತದೆ, ಉಳಿದದ್ದು ಕೆಳಗಿಳಿಯುತ್ತದೆ. ಆಮೇಲೆ ಗಿರಾಕಿ ಪಕ್ಕದ ಪಟ್ಟಿಯಲ್ಲಿ ಬಣ್ಣ, ಅಳತೆ, ಬಟ್ಟೆ ಎಂದು ಫಿಲ್ಟರ್ ಹಾಕಿದರೆ, ಬೇರೆ ಕೊಂಬೆಯಲ್ಲಿ ಕುಳಿತ ಚೀಲ ಕೆಳಗಿಳಿಯುವ ಮಾತೂ ಇಲ್ಲ, ಮಾಯವೇ ಆಗುತ್ತದೆ. ಗೋಡೆಯ ಅಲಂಕಾರ ಎಂದು ಬರೆದುಕೊಂಡ ಚೀಲಕ್ಕೆ ಹಿಡಿಕೆಯ ಉದ್ದ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಹಿಡಿಕೆಯ ಉದ್ದ ನೋಡಿ ಚೀಲ ಆರಿಸುವವರಿಗೆ ಅದು ಇದ್ದೂ ಇಲ್ಲದ ಹಾಗೆ.

ಇದ್ದೂ ಇಲ್ಲದಿರುವುದು ಎಂದರೇನು, ಒಂದು ವಸ್ತು ಇಂಥದ್ದು ಎಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಕಂಪ್ಯೂಟರಿಗಿಂತ ಬಹಳ ಹಳೆಯವು. ಈ ನೆಲದ ತರ್ಕಶಾಸ್ತ್ರ ಅವುಗಳ ಮೇಲೆ ಸಾವಿರಾರು ಪುಟ ಬರೆದಿದೆ. ಅಲ್ಲಿ ಕೆಟಗರಿಗೆ ಇದ್ದ ಹೆಸರು ಜಾತಿ. ಕನ್ನಡದಲ್ಲಿ ಈ ಪದ ಎರಡು ಭಾರ ಹೊತ್ತಿದೆ. ಮಾವಿನ ಜಾತಿ, ಬತ್ತದ ಜಾತಿ ಎನ್ನುವಾಗ ಅದು ಬರೀ ಬಗೆ. ಮನುಷ್ಯರ ವಿಷಯಕ್ಕೆ ಬಂದ ಕೂಡಲೇ ಅದೇ ಪದ ಎದೆಯ ಮೇಲಿನ ಕಲ್ಲಾಗುತ್ತದೆ. ಬಗೆ ಮಾಡುವುದಕ್ಕೂ ಬೇರ್ಪಡಿಸುವುದಕ್ಕೂ ಒಂದೇ ಪದವಿರುವ ಭಾಷೆಯಲ್ಲಿ ಕೆಟಗರಿಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವುದು ಸಾಧ್ಯವಿಲ್ಲ.

ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಚರ್ಚೆ ಬರುತ್ತದೆ. ‘ಹಸು’ ಎಂಬ ಪದ ಹೇಳುವುದು ಯಾವುದನ್ನು? ಎದುರಿಗೆ ನಿಂತ ಈ ಒಂದು ಹಸುವನ್ನೇ, ಅಂದರೆ ವ್ಯಕ್ತಿಯನ್ನೇ? ಕೊಂಬು, ಗಂಗೆದೊಗಲು, ಬಾಲ ಕೂಡಿದ ಆಕೃತಿಯನ್ನೇ? ಎಲ್ಲ ಹಸುಗಳಲ್ಲೂ ಒಂದಾಗಿ ಇರುವ ಹಸುತನವನ್ನೇ, ಅಂದರೆ ಜಾತಿಯನ್ನೇ? ಸೂತ್ರಕಾರ ಮೂರನ್ನೂ ಒಪ್ಪುತ್ತಾನೆ. ಮೂರೂ ಸೇರಿಯೇ ಪದದ ಅರ್ಥ. ಜಾತಿಯನ್ನು ಕೈಬಿಟ್ಟರೆ ಏನು ತೊಂದರೆ ಎಂಬುದಕ್ಕೆ ಅಲ್ಲಿ ಬರುವ ಉದಾಹರಣೆ ಮಣ್ಣಿನ ಹಸು. ಅದಕ್ಕೆ ಹಸುವಿನ ಆಕೃತಿ ಇದೆ, ಅದೂ ಒಂದು ವ್ಯಕ್ತಿಯೇ. ಆದರೂ ಅದನ್ನು ಯಾರೂ ಹಸು ಎಂದು ದಾನ ಕೊಡುವುದಿಲ್ಲ, ಕಟ್ಟಿ ಮೇವು ಹಾಕುವುದಿಲ್ಲ.

ಸಂಡೂರಿನ ಚೀಲಕ್ಕೆ ಈ ಉದಾಹರಣೆ ನೇರವಾಗಿ ತಾಗುತ್ತದೆ. ಲಂಬಾಣಿ ಕಸೂತಿಯ ಚಿತ್ತಾರವನ್ನು ಯಂತ್ರದಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಬಹುದು, ಕನ್ನಡಿಯ ಬದಲು ಹೊಳೆಯುವ ಪ್ಲಾಸ್ಟಿಕ್ ಅಂಟಿಸಬಹುದು. ಫೋಟೊದಲ್ಲಿ ಆಕೃತಿ ಅದೇ. ಇಲ್ಲದಿರುವುದು ಕೈಹೊಲಿಗೆ. ಸಂಡೂರಿನ ಲಂಬಾಣಿ ಹೆಂಗಸರು 14 ಬಗೆಯ ಹೊಲಿಗೆಗಳನ್ನು ಹೆಸರಿಟ್ಟು ಎಣಿಸುತ್ತಾರೆ: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ಡೋರಾ, ಕೌಡಿ, ರೇಲೊ, ಗದ್ರಿ, ಭುರಿಯಾ, ಪೋಟೆ, ಜೋಲ್ಯಾ, ನಾಕ್ರಾ. ಅವರ ಫೇಟಿಯಾ ಲಂಗ, ಕಾಂಚಳಿ ರವಿಕೆಗಳ ಮೇಲೆ ಈ ಹೊಲಿಗೆ ತಾಯಿಂದ ಮಗಳಿಗೆ ಇಳಿದು ಬಂದಿದೆ. 1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಅದನ್ನು ಚೀಲ, ದಿಂಬಿನ ಗವಸು, ಕುರ್ತಾಗಳ ಮೇಲೂ ತಂದಿತು. ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ, ಅಂದರೆ ಜಿಐ ಮಾನ್ಯತೆಯೂ ಇದೆ. ಕಾನೂನಿನ ಕಣ್ಣಲ್ಲಿ ಇದು ತನ್ನದೇ ಒಂದು ಬಗೆ. ಮಾರುಕಟ್ಟೆಯ ಮರವನ್ನೋ ಬಳಕೆಯ ಮೇಲೆ ಕಟ್ಟಿರುತ್ತಾರೆ. ಹೆಗಲಿಗೆ ಹಾಕುವಂಥದ್ದೆಲ್ಲ ಒಂದು ಕೊಂಬೆ, ಸೋಫಾದ ಮೇಲಿಡುವಂಥದ್ದೆಲ್ಲ ಇನ್ನೊಂದು. ಒಂದೇ ಕೈ, ಒಂದೇ ದಾರ, ಒಂದೇ ವಾರದಲ್ಲಿ ಹೊಲಿದ ದಿಂಬಿನ ಗವಸೂ ಚೀಲವೂ ಅಲ್ಲಿ ದಾಯಾದಿಗಳೂ ಅಲ್ಲ, ನೆರೆಹೊರೆಯವರೂ ಅಲ್ಲ.

ಹತ್ತನೆಯ ಶತಮಾನದ ಉದಯನಾಚಾರ್ಯ ಈ ತೊಡಕನ್ನು ಮೊದಲೇ ಕಂಡಿದ್ದ. ಎಲ್ಲ ಗುಂಪೂ ಜಾತಿಯಾಗಲಾರದು ಎಂದು ಹೇಳಿ, ಜಾತಿಯಾಗಲು ಅಡ್ಡಿಬರುವ ಆರು ಕಾರಣಗಳನ್ನು ಅವನು ಕಿರಣಾವಳಿಯಲ್ಲಿ ಕೊಡುತ್ತಾನೆ. ಅವುಗಳಲ್ಲಿ ಒಂದು ಸಂಕರ. ಎರಡು ಗುಂಪುಗಳು ಒಂದಿಷ್ಟು ಒಂದರೊಳಗೊಂದು ಬೆರೆತು, ಒಂದಿಷ್ಟು ಹೊರಗುಳಿದರೆ ಅವೆರಡನ್ನೂ ಜಾತಿ ಎನ್ನಲಾಗದು. ಚೀಲಗಳೆಲ್ಲ ಲಂಬಾಣಿ ಕಸೂತಿಯಲ್ಲ, ಲಂಬಾಣಿ ಕಸೂತಿಯೆಲ್ಲ ಚೀಲವಲ್ಲ, ಕೆಲವು ಎರಡೂ ಹೌದು. ಅಚ್ಚುಕಟ್ಟಾದ ಸಂಕರ. ಇಂಥ ಗುಣಕ್ಕೆ ತಾರ್ಕಿಕರು ಉಪಾಧಿ ಎಂದರು: ವಸ್ತುವಿನ ಮೇಲೆ ನಾವು ಒಂದು ಕಾರಣಕ್ಕಾಗಿ ಹೊರಿಸಿದ ಗುರುತು. ಇವತ್ತಿನ ಮಾರುಕಟ್ಟೆಗಳು ಮಾಡಿರುವ ಏರ್ಪಾಡು ಇದಕ್ಕೆ ಬಹಳ ಹತ್ತಿರದ್ದು. ಕೆಟಗರಿ ಒಂದೇ ಒಂದು, ಟ್ಯಾಗ್ ಮತ್ತು ಗುಣವಿವರ ಎಷ್ಟು ಬೇಕಾದರೂ ಇರಬಹುದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಉದಯನನಿಗೆ ಚೀಲತನವೂ ಉಪಾಧಿಯೇ ಆಗುತ್ತಿತ್ತು. ಮಾರುಕಟ್ಟೆ ಮಾತ್ರ ಒಂದು ಉಪಾಧಿಯನ್ನು ಎತ್ತಿ ಜಾತಿಯ ಪೀಠದಲ್ಲಿ ಕೂರಿಸಿ, ಇನ್ನೊಂದನ್ನು ಟ್ಯಾಗಿನ ಜಗಲಿಯಲ್ಲಿ ಬಿಟ್ಟಿತು. ಪೀಠ ಯಾರಿಗೆ, ಜಗಲಿ ಯಾರಿಗೆ ಎಂಬ ತೀರ್ಮಾನದಲ್ಲಿ ಹೊಲಿದವರ ಪಾಲು ಇರಲಿಲ್ಲ.

ಬೌದ್ಧ ತಾರ್ಕಿಕ ದಿಙ್ನಾಗ ಇನ್ನೂ ಮುಂದೆ ಹೋಗಿದ್ದ. ಅವನ ಅಪೋಹವಾದದ ಪ್ರಕಾರ ಹಸು ಎಂಬ ಪದ ಯಾವ ಹಸುತನವನ್ನೂ ಹೇಳುವುದಿಲ್ಲ. ಹಸುವಲ್ಲದ್ದನ್ನೆಲ್ಲ ದೂರ ಸರಿಸುತ್ತದೆ, ಅಷ್ಟೆ. ಫಿಲ್ಟರ್ ಒತ್ತಿ ನೋಡಿದವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಇದು ಬರೀ ಪಂಡಿತರ ಜಗಳವಾಗಿ ಉಳಿಯುವುದಿಲ್ಲ. ಸಂಡೂರಿನಿಂದ ಹೊಸಪೇಟೆ ದಾಟಿ ಹಂಪಿಗೆ ಬಂದರೆ ಕಲ್ಲುಗಳೇ ಈ ಪ್ರಶ್ನೆಯನ್ನು ಎತ್ತುತ್ತವೆ. ಹೇಮಕೂಟದ ಬಂಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದ ಪುಟ್ಟ ಗುಡಿಗಳಿವೆ. ಆ ಶಿಖರದ ಆಕೃತಿ ನೋಡಿ ಬಹುಕಾಲ ಜನ ಅವನ್ನು ಜೈನ ಬಸದಿ ಎಂದೇ ಕರೆದರು. ಅವು ಶಿವಾಲಯಗಳು. ಅಲ್ಲಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ, ವಿಜಯನಗರದ ಅರಸ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385ರ ಸುಮಾರಿಗೆ ಕುಂಥುನಾಥ ತೀರ್ಥಂಕರನಿಗೆ ಕಟ್ಟಿಸಿದ ನಿಜವಾದ ಬಸದಿ ಇದೆ. ಜನರ ಬಾಯಲ್ಲಿ ಅದರ ಹೆಸರು ಗಾಣಗಿತ್ತಿ ಗುಡಿ. ಬಸದಿಯಲ್ಲದ್ದಕ್ಕೆ ಬಸದಿಯ ಹೆಸರು, ಬಸದಿಗೆ ಎಣ್ಣೆ ತೆಗೆಯುವ ಹೆಣ್ಣಿನ ಹೆಸರು. ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ ಏಕಶಿಲೆಯ ನರಸಿಂಹನದು ಇನ್ನೂ ಮನಕಲಕುವ ಕತೆ. ಅವನ ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಅವಳನ್ನು ಒಡೆದು ಹಾಕಿದ ಮೇಲೆ, ಒಂಟಿಯಾಗಿ ಉಳಿದ ದೊಡ್ಡ ಕಣ್ಣಿನ ಮೂರ್ತಿಗೆ ಉಗ್ರನರಸಿಂಹ ಎಂಬ ಹೆಸರು ಅಂಟಿತು. ಶಾಂತನಾಗಿ ಹೆಂಡತಿಯೊಡನೆ ಕುಳಿತಿದ್ದ ದೇವರು, ಅವಳನ್ನು ಕಳೆದುಕೊಂಡ ಕಾರಣಕ್ಕೆ ಉಗ್ರರ ಪಟ್ಟಿಗೆ ಸೇರಿದ. ಇಂದಿಗೂ ಪ್ರವಾಸಿಗರಲ್ಲಿ ಅನೇಕರು ಅವನನ್ನು ಕೇಳುವುದು ಆ ಹೆಸರಿನಿಂದಲೇ.

ಹಂಪಿಯ ಹೆಸರಿನೊಳಗೇ ಇದಕ್ಕಿಂತ ಆಳವಾದ ಒಂದು ವರ್ಗಾವಣೆ ಅಡಗಿದೆ. ಹಂಪೆ ಎಂದರೆ ಪಂಪೆ. ಪಂಪೆ ಈ ನದಿಯ, ಈ ದಡದ ದೇವಿ. ಅವಳು ಮೊದಲು ಈ ಸ್ಥಳದ ಸ್ವತಂತ್ರ ದೇವತೆ, ಆಮೇಲೆ ವಿರೂಪಾಕ್ಷನನ್ನು ವರಿಸಿದ ಪಾರ್ವತಿಯ ರೂಪವಾದಳು ಎಂದು ಸಂಶೋಧಕರು ವಿವರಿಸುತ್ತಾರೆ. ಆ ಮದುವೆಯಿಂದ ಪಂಪೆಗೆ ದೊಡ್ಡ ಕೊಂಬೆಯಲ್ಲಿ ಜಾಗ ಸಿಕ್ಕಿತು. ಕಾಶಿಯಿಂದ ಬಂದ ಯಾತ್ರಿಕನಿಗೂ ಅವಳು ಯಾರೆಂದು ತಿಳಿಯಿತು. ಬದಲಿಗೆ ಪುರಾಣದಲ್ಲಿ ಅವಳ ಒಂಟಿ ಬದುಕಿನ ಕತೆ ಹಿಂದೆ ಸರಿಯಿತು, ದೇವರಿಗೇ ಪಂಪಾಪತಿ ಎಂಬ ಹೆಸರು ಬಂತು. ವರ್ಷಕ್ಕೊಮ್ಮೆ ಫಲಪೂಜೆಯಲ್ಲಿ ಅವಳ ನಿಶ್ಚಿತಾರ್ಥ, ಚೈತ್ರದ ತೇರಿನ ಹೊತ್ತಿಗೆ ಮದುವೆ. ಇದು ಲಾಭವೇ, ನಷ್ಟವೇ? ಭಕ್ತರನ್ನು ಕೇಳಿದರೆ ಪ್ರಶ್ನೆಯೇ ತಪ್ಪು ಎಂದಾರು. ಹಾಗೆ ಹೇಳುವ ಹಕ್ಕು ಅವರಿಗಿದೆ. ಆದರೆ ಸಣ್ಣ ಹೆಸರು ದೊಡ್ಡ ಹೆಸರಿನ ನೆರಳು ಸೇರಿದಾಗ ಹೆಚ್ಚು ಜನಕ್ಕೆ ಕಾಣುತ್ತದೆ, ತಾನಾಗಿ ಕಾಣುವುದು ಕಡಿಮೆಯಾಗುತ್ತದೆ. ಚೀಲ ಮಾರುವವರ ಸಂಕಟವೂ ಇದೇ. ‘ಹ್ಯಾಂಡ್‌ಬ್ಯಾಗ್’ ಎಂದರೆ ಲಕ್ಷ ಕಣ್ಣು, ಲಕ್ಷ ಪೈಪೋಟಿ. ‘ಲಂಬಾಣಿ ಕಸೂತಿ’ ಎಂದರೆ ಕೆಲವೇ ಕಣ್ಣು, ಆದರೆ ಹುಡುಕಿಕೊಂಡು ಬಂದ ಕಣ್ಣು.

ದೇವರಷ್ಟೇ ಅಲ್ಲ, ಮನುಷ್ಯರ ವಿಷಯದಲ್ಲೂ ಇದೇ ಪ್ರಶ್ನೆ. ಕಂಪ್ಲಿಯ ಕುಮಾರರಾಮನನ್ನು ಯಾವ ಕೊಂಬೆಗೆ ಕಟ್ಟುವುದು? ದೆಹಲಿಯ ಸೇನೆಯ ಎದುರು 1327ರ ಹೊತ್ತಿಗೆ ಬಿದ್ದುಹೋದ ಕಂಪಿಲಿ ರಾಜ್ಯದ ರಾಜಕುಮಾರ ಎಂದು ಇತಿಹಾಸಕ್ಕೆ ಸೇರಿಸಬಹುದು. ಸಾಂಗತ್ಯ ಕಾವ್ಯಗಳ ನಾಯಕನೆಂದು ಸಾಹಿತ್ಯಕ್ಕೆ ಸೇರಿಸಬಹುದು. ಅವನಿಗೆ ಪೂಜೆ ಸಲ್ಲಿಸುವ ಊರುಗಳಿಗೆ ಅವನು ದೈವ. ಮೂರರಲ್ಲಿ ಒಂದನ್ನು ಆರಿಸಿ ಎಂದರೆ ಮೂವರು ಮೂರು ಕಡೆ ಒತ್ತುತ್ತಾರೆ, ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ.

ಹಳೆಯ ವಿಜಯನಗರಕ್ಕೂ ಕೆಟಗರಿ ಇತ್ತು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಒಂದೊಂದು ಕಸುಬಿನವರ ಅಂಗಡಿಗಳು ಒಂದರ ಪಕ್ಕ ಒಂದು ಇದ್ದವೆಂದು ಬರೆದಿದ್ದಾನೆ. ಅಲ್ಲಿ ಕೆಟಗರಿ ಎಂದರೆ ಬೀದಿ. ಬೀದಿಗೂ ಪರದೆಗೂ ಒಂದು ದೊಡ್ಡ ಅಂತರವಿದೆ. ಮುತ್ತಿನಂಗಡಿಗೆ ಹೊರಟವನ ಮೂಗಿಗೆ ದಾರಿಯಲ್ಲಿ ಹೂವಿನ ವಾಸನೆ ಬಡಿಯುತ್ತಿತ್ತು, ಕಣ್ಣಿಗೆ ಬಟ್ಟೆಯ ಬಣ್ಣ ಬೀಳುತ್ತಿತ್ತು. ತಪ್ಪು ಬೀದಿಯಲ್ಲಿ ಕುಳಿತ ಹೆಂಗಸೂ ಕೂಗಿ ಕರೆಯಬಹುದಿತ್ತು. ಇಂದು ವಿರೂಪಾಕ್ಷ ಗುಡಿಯ ಆಸುಪಾಸಿನಲ್ಲಿ ಕಸೂತಿ ಬಟ್ಟೆ ಹಿಡಿದು ನಿಂತ ಲಂಬಾಣಿ ಹೆಂಗಸು ದೇವರಿಗೆ ಬಂದವರಿಗೆ ಚೀಲ ಮಾರುವುದು ಹೀಗೆಯೇ. ಅವರು ಚೀಲ ಕೊಳ್ಳಲೆಂದು ಬಂದವರಲ್ಲ. ಪರದೆಯಲ್ಲಿ ಕೂಗುವುದಕ್ಕೆ ಬಾಯಿಲ್ಲ.

ಹಂಪಿಯ ಪಕ್ಕದ ಪೇಟೆಯ ಹೆಸರನ್ನೂ ಜನ ತಾವೇ ಇಟ್ಟುಕೊಂಡಿದ್ದಾರೆ. ಕೃಷ್ಣದೇವರಾಯ ಕಟ್ಟಿಸಿದ ಊರಿಗೆ ನಾಗಲಾಪುರ ಎಂಬ ಹೆಸರಿತ್ತು. ಜನ ಹೊಸ ಪೇಟೆ ಎಂದರು, ಅದೇ ನಿಂತಿತು. ಇಂಗ್ಲಿಷಿನಲ್ಲಿ ಹಾಸ್ಪೆಟ್ ಆಗಿದ್ದ ಊರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಹೊಸಪೇಟೆ. 2021ರಲ್ಲಿ ಅದು ಹೊಸ ವಿಜಯನಗರ ಜಿಲ್ಲೆಯ ಕೇಂದ್ರವೂ ಆಯಿತು. ಊರುಗಳ ಕೊಂಬೆಯೂ ಬದಲಾಯಿತು: ಹಂಪಿ ಆ ಜಿಲ್ಲೆಗೆ ಬಂತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು.

ಮತ್ತೆ ತರ್ಕಕ್ಕೆ ಮರಳೋಣ. ಹಂಪಿಯಿಂದ ತುಂಗಭದ್ರೆ ದಾಟಿದರೆ ಆನೆಗೊಂದಿಯ ನವಬೃಂದಾವನ. ಅಲ್ಲಿ ದ್ವೈತ ಯತಿ ವ್ಯಾಸತೀರ್ಥರ ಬೃಂದಾವನವಿದೆ. ವಿಜಯನಗರದಲ್ಲಿ ಬದುಕಿ 1539ರಲ್ಲಿ ತೀರಿಕೊಂಡ ಅವರು ತರ್ಕತಾಂಡವ ಎಂಬ ಗ್ರಂಥದಲ್ಲಿ ನೈಯಾಯಿಕರ ವಾದಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದವರು. ಎಲ್ಲ ಹಸುಗಳಲ್ಲೂ ದಾರದಂತೆ ಹಾದುಹೋಗುವ ಒಂದೇ ನಿತ್ಯವಾದ ಹಸುತನವನ್ನು ಅವರ ದ್ವೈತ ಪರಂಪರೆ ಒಪ್ಪುವುದಿಲ್ಲ. ಪ್ರತಿ ಹಸುವಿಗೂ ಅದರದೇ ಹಸುತನ. ಒಂದು ಹಸುವನ್ನು ಕಂಡು ಇನ್ನೊಂದನ್ನು ಹಸು ಎನ್ನುವುದು ಸಾದೃಶ್ಯದಿಂದ, ಹೋಲಿಕೆಯಿಂದ. ಮೊದಲು ವಸ್ತು, ಅದರ ಬೇರೆತನ, ಆಮೇಲೆ ಹೋಲಿಕೆ. ಗುಂಪು ಕೊನೆಗೆ.

ಐನೂರು ವರ್ಷದ ಹಿಂದಿನ ಈ ವಾದವನ್ನು ಇವತ್ತಿನ ಸರ್ಚ್ ತಂತ್ರಜ್ಞಾನದ ಪಕ್ಕದಲ್ಲಿಟ್ಟು ನೋಡಬೇಕು. ಈಚಿನ ಯಂತ್ರಗಳು ಚಿತ್ರವನ್ನೂ ಪದವನ್ನೂ ಅಂಕಿಗಳ ಉದ್ದ ಸಾಲಾಗಿ ಮಾಡಿ, ಯಾವುದಕ್ಕೆ ಯಾವುದು ಹತ್ತಿರ ಎಂದು ಅಳೆಯುತ್ತವೆ. ಮರದ ಎಲೆ ಯಾವುದು ಎಂದು ಕೇಳುವುದಕ್ಕೆ ಮೊದಲೇ ಹೋಲಿಕೆಯನ್ನು ಹುಡುಕುತ್ತವೆ. ಕೆಂಪು ಬಟ್ಟೆಯ ಮೇಲೆ ಕನ್ನಡಿ ಇರುವ ಫೋಟೊ ಕೊಟ್ಟರೆ ಚೀಲ, ಗವಸು, ಲಂಗ ಮೂರನ್ನೂ ಒಟ್ಟಿಗೆ ತಂದು ನಿಲ್ಲಿಸಬಲ್ಲವು. ಕೊಂಬೆಗಳಲ್ಲಿ ಚದುರಿದ್ದ ಒಡಹುಟ್ಟುಗಳು ಒಂದೆಡೆ ಸೇರುತ್ತವೆ. ಆದರೆ ಮಣ್ಣಿನ ಹಸು ಇಲ್ಲಿ ಮತ್ತೆ ತಲೆ ಎತ್ತುತ್ತದೆ. ಹೋಲಿಕೆಯನ್ನಷ್ಟೇ ಅಳೆಯುವ ಯಂತ್ರಕ್ಕೆ ಅಚ್ಚು ಹಾಕಿದ ಚೀಲವೂ ಕೈಯಲ್ಲಿ ಹೊಲಿದ ಚೀಲವೂ ಪಕ್ಕಪಕ್ಕದವು. ಬೆಲೆಯಲ್ಲಿ ಮಣ್ಣಿನದೇ ಅಗ್ಗ. ಜಾತಿ ನಿಜವನ್ನು ಮರೆಮಾಡಿದರೆ ಸಾದೃಶ್ಯ ನಕಲಿಗೂ ಮಣೆ ಹಾಕುತ್ತದೆ. ವಸ್ತುವಿನ ಹುಟ್ಟನ್ನು, ಅದನ್ನು ಮಾಡಿದ ಕೈಯನ್ನು ಕೇಳದ ಯಾವ ಏರ್ಪಾಡೂ ಈ ಇಕ್ಕಟ್ಟಿನಿಂದ ಹೊರಬರಲಾರದು. ಜಿಐ ಗುರುತನ್ನು ಟ್ಯಾಗಿನ ಜಗಲಿಯಿಂದ ಎತ್ತಿ, ಕೆಟಗರಿಯಷ್ಟೇ ಮುಖ್ಯವಾದ ಪ್ರಶ್ನೆಯಾಗಿ ಮಾರುಕಟ್ಟೆ ಕೇಳಬೇಕು. ಉತ್ತರಕ್ಕೆ ಆಧಾರವನ್ನೂ ಕೇಳಬೇಕು.

ಕೆಟಗರಿಯ ಆಯ್ಕೆಯಲ್ಲಿ ಸತ್ಯದ ಪ್ರಶ್ನೆಯೂ ಇದೆ. ಎಟ್ಸಿ ಎಂಬ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ‘ವಿಂಟೇಜ್’ ಎನ್ನಲು ವಸ್ತುವಿಗೆ ಕನಿಷ್ಠ 20 ವರ್ಷವಾಗಿರಬೇಕು. ಹೊಸ ಚೀಲವನ್ನು ಅಲ್ಲಿ ಹಾಕಿದರೆ ಹೆಚ್ಚು ಕಂಡೀತು, ಆದರೆ ಅದು ಸುಳ್ಳು. ‘ಬೋಹೋ’ ಎಂಬ ಪದ ಇನ್ನೂ ಜಟಿಲ. ಇಂಥ ಕನ್ನಡಿ ಕಸೂತಿಯನ್ನು ಪಾಶ್ಚಾತ್ಯ ಗಿರಾಕಿಗಳು ಹುಡುಕುವ ಪದಗಳಲ್ಲಿ ಅದೂ ಒಂದು. ಯುರೋಪಿನ ಅಲೆಮಾರಿ ರೋಮಾ ಜನ ಬೊಹೀಮಿಯಾದಿಂದ ಬಂದವರೆಂದು ತಪ್ಪು ತಿಳಿದ ಫ್ರೆಂಚರು ಅವರಿಗಿಟ್ಟ ಹೆಸರಿನಿಂದ ಅದು ಹುಟ್ಟಿತು. ಒಂದು ಅಲೆಮಾರಿ ಸಮುದಾಯಕ್ಕೆ ಹೊರಗಿನವರು ಇಟ್ಟ ತಪ್ಪು ಹೆಸರು, ನೂರಾರು ವರ್ಷದ ಮೇಲೆ, ಎತ್ತಿನ ಮೇಲೆ ಉಪ್ಪು, ದವಸ ಹೇರಿ ನಾಡು ತಿರುಗಿದ ಇನ್ನೊಂದು ಸಮುದಾಯದ ಕಸೂತಿಗೆ ಬಂದು ಕೂತಿದೆ. ಹೊಟ್ಟೆಪಾಡಿಗೆ ಆ ಪದವನ್ನು ಬಳಸುವ ಹೆಂಗಸನ್ನು ದೂರುವುದು ಅನ್ಯಾಯ. ಆ ಪದವೊಂದೇ ಬಾಗಿಲಾಗಿರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಲಂಬಾಣಿಗರಿಗೆ ಕೆಟಗರಿಯ ಪೆಟ್ಟು ಹೊಸದೇನಲ್ಲ. ಒಂದೇ ಗೋರ್‌ಬೋಲಿ ಆಡುವ, ಒಬ್ಬರೇ ಸಂತ ಸೇವಾಲಾಲರಿಗೆ ಕೈಮುಗಿಯುವ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ಮತ್ತು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ರಾಜ್ಯದ ಗಡಿ ದಾಟಿದ ಕೂಡಲೇ ಮನುಷ್ಯನ ಎಲೆ ಬದಲಾಗುತ್ತದೆ. ಅವರ ಮಾತಿನದೂ ಅದೇ ಪಾಡು. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ತಾಯಿನುಡಿ ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಭಾಷೆಗಳ ಪಟ್ಟಿಯಲ್ಲಿ ಆ ಹೆಸರನ್ನು ನೇರವಾಗಿ ಹುಡುಕಿದರೆ ಸಿಗದು. ಹಿಂದಿ ಎಂಬ ಕೊಂಬೆಯನ್ನು ತೆರೆದು, ಅದರ ಕೆಳಗಿನ ಹತ್ತಾರು ನುಡಿಗಳ ಸಾಲಿನಲ್ಲಿ ಹುಡುಕಬೇಕು. ಇಷ್ಟು ಜನರ ಮಾತು ಹಿಂದಿಯ ಲೆಕ್ಕ ಹೆಚ್ಚಿಸಿತು, ತನ್ನ ಲೆಕ್ಕಕ್ಕೆ ಬರಲಿಲ್ಲ.

2023ರ ಜುಲೈನಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆಯಿತು. ಅದಕ್ಕಾಗಿ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ಕಸೂತಿ ತುಣುಕುಗಳನ್ನು ಒಂದೆಡೆ ಹರಡಿ ತೋರಿಸಿದರು. ಗಿನ್ನೆಸ್ ದಾಖಲೆಯವರು ಅದನ್ನು ಬರೆದುಕೊಂಡರು. ಬರೆದುಕೊಳ್ಳುವುದಕ್ಕೆ ಅವರಿಗೂ ಒಂದು ಶೀರ್ಷಿಕೆ ಬೇಕಿತ್ತು. ಚೀಲ, ಬಟ್ಟೆ, ಅಲಂಕಾರ ಯಾವುದೂ ಅಲ್ಲಿ ಬರಲಿಲ್ಲ. ‘ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನ’ ಎಂದು ಬರೆದರು.